ಮೊದಲ ಫೋರ್‌ವೀಲ್ ಗಾಡಿ ಕೊಳ್ಳುವವರಿಗೆ: ಟೇಪು, ತೂಕದ ಮಷಿನ್ನು ಮತ್ತು ನಾಯಿ ಜೊತೆಗಿರಲಿ

ಶನಿವಾರ ನಸುಕಿಗೆ ಬೆಂಗಳೂರು ಬಿಟ್ಟು ಮಧ್ಯಾಹ್ನದ ಊಟಕ್ಕೆ ತೀರ್ಥಹಳ್ಳಿ ಕಡೆಯ ತೋಟದ ಮನೆ ಸೇರುವುದು, ಭಾನುವಾರ ರಾತ್ರಿ ವಾಪಸ್ಸು. ಇದು ನಮ್ಮ ವಾರದ ಪಾಡು. ಜೊತೆಗೆ ಎರಡು ನಾಯಿ: ಒಂಬತ್ತು ವರ್ಷದ ಲ್ಯಾಬ್ರಡಾರ್ ಕರಿಯ, ಬೀದಿಯಿಂದ ಬಂದು ಮನೆಯವಳಾದ ಚುಕ್ಕಿ. ಮಳೆಗಾಲ ಶುರುವಾದರೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಡ್ರಮ್ಮು, ಪಂಪು ಹೇರಿದ ಟ್ರೇಲರೂ ಹಿಂದೆ ಸೇರಿಕೊಳ್ಳುತ್ತದೆ.

ನಾಲ್ಕೂ ಗಾಲಿಗೆ ಇಂಜಿನ್ನಿನ ಶಕ್ತಿ ಹೋಗುವ ಫೋರ್‌ವೀಲ್ (4×4) ಗಾಡಿ ಆರಿಸಲು ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಏಳು ತಿಂಗಳು ಯೂಟ್ಯೂಬ್ ನೋಡುವುದರಲ್ಲೇ ಹೋಯಿತು. ಕೊನೆಯ ತಿಂಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದವು ಮೂರು: ಬಡಗಿಯ ಟೇಪು, ಬಚ್ಚಲುಮನೆಯ ತೂಕದ ಮಷಿನ್ನು, ಮತ್ತು ಕರಿಯ. ಹಾಗಾಗಿ ಇಲ್ಲಿ ಗಾಡಿಗಳ ಹೆಸರು ಸ್ವಲ್ಪ ತಡವಾಗಿ ಬರುತ್ತದೆ.

ಹೆಜ್ಜೆ 1: ಗಾಡಿಗಿಂತ ಮೊದಲು ದಾರಿ ಅಳೆಯಿರಿ

ನಮ್ಮಲ್ಲಿ ಡಾಂಬರು ಮುಗಿದ ಮೇಲೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಅದರಲ್ಲಿ ಕಾಡುವುದು ನೂರೈವತ್ತು ಮೀಟರು ಮಾತ್ರ: ಹಳ್ಳದ ಮೋರಿ ದಾಟಿ, ಧರೆಯ ಪಕ್ಕದಲ್ಲೇ ತಿರುಗಿ ಏರುವ ಜಾಗ. ಬೇಸಿಗೆಯಲ್ಲಿ ಅಲ್ಲಿ ಸಣ್ಣ ಕಾರೂ ಹತ್ತುತ್ತದೆ. ಪುಷ್ಯ ಮಳೆ ಹಿಡಿಯಿತೆಂದರೆ ಜೇಡಿಮಣ್ಣು ಸೋಪಿನಂತೆ ಜಾರುತ್ತದೆ, ಗಾಡಿಯ ಹಿಂಭಾಗ ತಾನಾಗಿ ಚರಂಡಿಯ ಕಡೆ ಸರಿಯುತ್ತದೆ. ನೀವು ಗಾಡಿ ಕೊಳ್ಳುವುದು ಈ ನೂರೈವತ್ತು ಮೀಟರಿಗೆ. ಉಳಿದ ಮುನ್ನೂರು ಚಿಲ್ಲರೆ ಕಿಲೋಮೀಟರು ಯಾವ ಗಾಡಿಯಾದರೂ ಓಡುತ್ತದೆ.

ಮಳೆಗಾಲದಲ್ಲಿ ಒಂದು ದಿನ ಕೊಡೆ ಹಿಡಿದು ಅಲ್ಲಿ ನಡೆಯಿರಿ. ಟೇಪಿನಲ್ಲಿ ಮೂರು ಅಳತೆ ತೆಗೆದುಕೊಳ್ಳಿ. ಎರಡು ಗಾಲಿ ಗೆರೆಗಳ ನಡುವೆ ಉಳಿದ ದಿಬ್ಬದ ಎತ್ತರ, ಹಳ್ಳದ ನೀರಿನ ಆಳ, ಮತ್ತು ಅತಿ ಇಕ್ಕಟ್ಟಾದ ತಿರುವಿನ ಅಗಲ. ನಮ್ಮ ದಿಬ್ಬ 19 ಸೆಂಟಿಮೀಟರ್ ಇತ್ತು. ಮಾರುತಿ ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ, 210 ಮಿ.ಮೀ., ಮಹೀಂದ್ರದ ಮೂರು ಬಾಗಿಲಿನ ಥಾರ್‌ನದು 226, ಫೋರ್ಸ್ ಗೂರ್ಖಾದ್ದು 233. ಕಾಗದದ ಮೇಲೆ ಎಲ್ಲವೂ ಪಾಸು. ಆದರೆ ಜಿಮ್ನಿಯಂತೆ ಮುಂದೆ ಹಿಂದೆ ಎರಡೂ ಕಡೆ ಇಡೀ ಆಕ್ಸಲ್ (ಎರಡು ಗಾಲಿ ಸೇರಿಸುವ ಒಂದೇ ಅಚ್ಚು) ಇರುವ ಗಾಡಿಯಲ್ಲಿ, ಎಷ್ಟೇ ಭಾರ ಹೇರಿದರೂ ಎರಡು ಗಾಲಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಉಂಡೆ ನೆಲದಿಂದ ಅಷ್ಟೇ ಎತ್ತರದಲ್ಲಿ ಉಳಿಯುತ್ತದೆ. ಮುಂದಿನ ಗಾಲಿಗಳು ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ ಗಾಡಿಯಲ್ಲಿ ಜನ, ಸಾಮಾನು ಹತ್ತಿದಂತೆ ಹೊಟ್ಟೆ ಕೆಳಗಿಳಿಯುತ್ತದೆ. ದಿಬ್ಬದ ಎತ್ತರಕ್ಕೂ ಗಾಡಿಯ ಅಳತೆಗೂ ನಡುವೆ ಮೂರು ಸೆಂಟಿಮೀಟರಾದರೂ ಅಂತರ ಇಟ್ಟುಕೊಳ್ಳಿ.

ನೀರಿನ ವಿಷಯದಲ್ಲಿ ಥಾರ್‌ಗೆ 650 ಮಿ.ಮೀ., ಗೂರ್ಖಾಕ್ಕೆ 700 ಮಿ.ಮೀ. ಎಂದು ಕಂಪನಿಗಳು ಹೇಳುತ್ತವೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ಹಳ್ಳದಲ್ಲಿ ನೀವೇ ನಡೆದು ದಾಟಲು ಹೆದರಿದರೆ ಗಾಡಿಯನ್ನೂ ಇಳಿಸಬೇಡಿ.

ಹೆಜ್ಜೆ 2: ಫೋರ್‌ವೀಲ್ ಎಂದರೆ ಯಾವ ಫೋರ್‌ವೀಲ್?

ಇಲ್ಲಿ ಎಡವುವವರೇ ಹೆಚ್ಚು. ಬ್ಯಾಡ್ಜ್ ನೋಡಿ ಮೋಸ ಹೋಗಬೇಡಿ. ಥಾರ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು 4×4 ಅಲ್ಲ. 2023ರಿಂದ ಹಿಂದಿನ ಗಾಲಿ ಮಾತ್ರ ಓಡುವ ಥಾರ್ ಕೂಡ ಮಾರಾಟವಾಗುತ್ತಿದೆ. 2024ರಲ್ಲಿ ಬಂದ ಥಾರ್ ರಾಕ್ಸ್‌ನಲ್ಲಿ 4×4 ಸಿಗುವುದು ಡೀಸೆಲ್‌ನಲ್ಲಿ ಮಾತ್ರ. ಸ್ಕಾರ್ಪಿಯೋ-ಎನ್‌ನಲ್ಲೂ ಹಾಗೆಯೇ. ಸೆಕೆಂಡ್ ಹ್ಯಾಂಡ್ ಜಾಹೀರಾತಿನಲ್ಲಿ ಫೋಟೋ ನೋಡಿ ಮುನ್ನೂರು ಕಿಲೋಮೀಟರು ಹೋಗುವ ಮೊದಲು ಫೋನಿನಲ್ಲೇ ಕೇಳಿ: ಫೋರ್‌ವೀಲ್ ಹಾಕುವ ಲಿವರ್ ಅಥವಾ ಬಟನ್ ಇದೆಯಾ, ಲೋ ಗೇರ್ ಇದೆಯಾ.

ಲೋ ಗೇರ್, ಅಂದರೆ ಗಾಡಿಯನ್ನು ನಿಧಾನವಾಗಿ, ಹೆಚ್ಚು ಬಲದಿಂದ ಓಡಿಸುವ 4ಎಲ್, ನನ್ನ ಪ್ರಕಾರ ಮುಖ್ಯ ಗೆರೆ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್‌ನಂಥ ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್) ಗಾಡಿಗಳು ಜಾರುವ ದಾರಿಯಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಕೊಡುತ್ತವೆ. ಒದ್ದೆ ಹುಲ್ಲು, ಜಲ್ಲಿ, ಸಣ್ಣ ಕೆಸರಿಗೆ ಸಾಕು. ಆದರೆ ಲೋ ಗೇರ್ ಇಲ್ಲ. ಟ್ರೇಲರ್ ಕಟ್ಟಿಕೊಂಡು ಜಾರುವ ಏರಿನಲ್ಲಿ ನಡಿಗೆಯ ವೇಗದಲ್ಲಿ ಹತ್ತಲು, ಅದಕ್ಕಿಂತ ಮುಖ್ಯವಾಗಿ ಬ್ರೇಕು ಮುಟ್ಟದೆ ಇಂಜಿನ್ನಿನ ಹಿಡಿತದಲ್ಲೇ ಇಳಿಯಲು, ಲೋ ಬೇಕು. ನಿಮ್ಮ ದಾರಿಯಲ್ಲಿ ಏರು ಇಲ್ಲ, ಟ್ರೇಲರೂ ಇಲ್ಲ ಅನ್ನುವುದಾದರೆ ಎಡಬ್ಲ್ಯೂಡಿ ತೆಗೆದುಕೊಂಡು ಆರಾಮಾಗಿರಿ.

ಎರಡನೆಯದು ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಸುಲಭದ ಕಡೆಗೇ ಶಕ್ತಿ ಹರಿಸುತ್ತದೆ: ಒಂದು ಗಾಲಿ ಗಾಳಿಯಲ್ಲಿ ಎದ್ದರೆ ಅದೇ ಗಿರಗಿರನೆ ತಿರುಗುತ್ತದೆ, ನೆಲ ಕಚ್ಚಿದ ಗಾಲಿ ಸುಮ್ಮನಿರುತ್ತದೆ. ಹೊಂಡದ ದಾರಿಯಲ್ಲಿ ಎಡ ಮುಂದಿನ, ಬಲ ಹಿಂದಿನ ಗಾಲಿ ಒಟ್ಟಿಗೆ ಎದ್ದವೋ, 4×4 ಕೂಡ ನಿಂತಲ್ಲೇ ನಿಲ್ಲುತ್ತದೆ. ಗೂರ್ಖಾಕ್ಕೆ ಎರಡೂ ಆಕ್ಸಲ್‌ಗೆ ಎರಡು ಗಾಲಿಯನ್ನೂ ಒಟ್ಟಿಗೆ ತಿರುಗಿಸುವ ಲಾಕ್ ಇದೆ, ಥಾರ್‌ನ ಕೆಲವು ಮಾದರಿಗಳಿಗೆ ಹಿಂದೆ ಮಾತ್ರ. ಜಿಮ್ನಿ ತಿರುಗುವ ಗಾಲಿಗೆ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದು ಕಡೆ ದಾಟಿಸುತ್ತದೆ. ಹಗುರ ಗಾಡಿಯಾದ್ದರಿಂದ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಗಾಬರಿಯಾಗಿ ಕಾಲು ತೆಗೆಯದೆ ಆಕ್ಸಿಲರೇಟರನ್ನು ಹದವಾಗಿ ಒತ್ತಿಯೇ ಇರಬೇಕು.

ಪಕ್ಕದ ತೋಟದ ಶೀನಣ್ಣ ನಲವತ್ತು ವರ್ಷ ಜೀಪು ಓಡಿಸಿದವರು. ಮೋರಿಯ ಹತ್ತಿರ ನಾನು ಹೂತುಕೊಂಡು ಲಿವರ್ ಎಳೆಯುತ್ತಿದ್ದಾಗ ಬಂದು ನಿಂತು ಹೇಳಿದರು: “ಫೋರ್‌ವೀಲು ಹೂತ್ಕಳಕ್ಕೆ ಮುಂಚೆ ಹಾಕದು ಮಾರಾಯ್ರೆ.” ಇಷ್ಟು ಸಣ್ಣ ವಿಷಯ ಏಳು ತಿಂಗಳ ಯೂಟ್ಯೂಬ್‌ನಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. ಇದರ ಮತ್ತೊಂದು ಮುಖವೂ ಇದೆ: ಇಂಥ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ಫೋರ್‌ವೀಲ್ ಹಾಕಿ ತಿರುಗಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇರುವುದಿಲ್ಲ. ಮಣ್ಣಿನಲ್ಲಾದರೆ ಗಾಲಿ ಒಂಚೂರು ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಎಲ್ಲ ಒತ್ತಡ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ.

ಹೆಜ್ಜೆ 3: ನಾಯಿಯನ್ನು ಶೋರೂಮಿಗೆ ಕರೆದುಕೊಂಡು ಹೋಗಿ

ನಿಜ ಹೇಳಬೇಕೆಂದರೆ ಕೆಸರಿಗಿಂತ ಹೆಚ್ಚು ಗಾಡಿಗಳನ್ನು ಪಟ್ಟಿಯಿಂದ ಹೊಡೆದು ಹಾಕಿದವನು ಕರಿಯ. ಮೊದಲ ಶೋರೂಮಿನ ಹುಡುಗ “ಸಾರ್, ನಾಯಿನೂ ತಂದಿದೀರಾ?” ಅಂದ. ಡಿಕ್ಕಿ ಬಾಗಿಲು ತೆಗೆಸಿದೆ. ಕರಿಯ ಅಂಚಿಗೆ ಮೂತಿ ಇಟ್ಟು ಮೂಸಿದ, ಮುಂಗಾಲು ಎತ್ತಿದ, ಇಳಿಸಿದ, ನನ್ನ ಮುಖ ನೋಡಿ ಅಲ್ಲೇ ಟೈಲ್ಸ್ ಮೇಲೆ ಮಲಗಿಬಿಟ್ಟ. ಟೇಪು ಹಿಡಿದರೆ ನೆಲದಿಂದ ಅಂಚಿಗೆ 79 ಸೆಂ.ಮೀ. ಒಂಬತ್ತು ವರ್ಷದ, ಸೊಂಟ ನೋವಿನ ಲ್ಯಾಬ್ರಡಾರ್‌ಗೆ ಅದು ಗೋಡೆ. ಲ್ಯಾಬ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ಏರುವುದಕ್ಕಿಂತ ಧುಮುಕುವುದೇ ಅವಕ್ಕೆ ಹೆಚ್ಚು ಪೆಟ್ಟು. ಮಡಚುವ ಇಳಿಜಾರು ಹಲಗೆಯೊಂದು ಬೇಕೇ ಬೇಕು ಎಂದು ಅವತ್ತೇ ತೀರ್ಮಾನವಾಯಿತು. ಎತ್ತರ 75 ಸೆಂ.ಮೀ. ಇದ್ದರೆ ಹಲಗೆ ಆರಡಿಯಾದರೂ ಇರಲಿ, ಇಲ್ಲದಿದ್ದರೆ ಅದೂ ಏಣಿಯೇ.

ಮೂರು ಬಾಗಿಲಿನ ಗಾಡಿಯಲ್ಲಿ ನಾಯಿ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ಸಂದಿಯಲ್ಲಿ ತೂರಿಸಬೇಕು. ಚುಕ್ಕಿ ಬೆಕ್ಕಿನ ಹಾಗೆ ನುಸುಳಿದಳು. ಕರಿಯನನ್ನು, 34 ಕೆಜಿಯನ್ನು, ಎತ್ತಿ ದಾಟಿಸಿದ ನಾನು ಎರಡು ದಿನ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡೆ. ಜಿಮ್ನಿಗೆ ಐದು ಬಾಗಿಲು, ನೆಲವೂ ಅಷ್ಟು ಎತ್ತರವಿಲ್ಲ. ಆದರೆ ಸೀಟು ಎದ್ದಿರುವಾಗ ಡಿಕ್ಕಿ 208 ಲೀಟರು, ಅದರಲ್ಲಿ ಒಂದು ನಾಯಿ ಕೂರಬಹುದು, ತಿರುಗಲಾರದು. ಹಿಂದಿನ ಸೀಟು ಮಡಚಿ ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಅದು ಚೊಕ್ಕ ಗಾಡಿ. ಹಿಂದೆ ಎಸಿ ಕಿಂಡಿ ಇಲ್ಲದ್ದು ನೆನಪಿರಲಿ. ಮುಧೋಳ ಸಾಕಿದವರು ಎತ್ತರವನ್ನೂ ಅಳೆಯಿರಿ: ಹೆಗಲೆತ್ತರವೇ 70 ಸೆಂ.ಮೀ. ಆಸುಪಾಸು, ಹಿಂದಿನ ಗಾಜು ಓರೆಯಾಗಿದ್ದರೆ ತಲೆ ಬಗ್ಗಿಸಿಯೇ ನಿಲ್ಲಬೇಕಾಗುತ್ತದೆ.

ಪಕ್ಕಕ್ಕೆ ತೆರೆಯುವ ಡಿಕ್ಕಿ ಬಾಗಿಲಿನ ಬಗ್ಗೆ ಯಾರೂ ಹೇಳದ ಒಂದು ಮಾತು. ಟ್ರೇಲರ್ ಕೊಂಡಿಗೆ ಸಿಕ್ಕಿಸಿದ ಮೇಲೆ ಬಾಗಿಲು ತೆರೆದರೂ ಹಲಗೆ ಇಳಿಸಲು ಜಾಗವೇ ಇರುವುದಿಲ್ಲ. ಟ್ರೇಲರಿನ ಮೂಗಿನಲ್ಲಿರುವ ಸಣ್ಣ ಗಾಲಿಯ ಹಿಡಿ ಬಾಗಿಲಿಗೆ ತಗುಲಲೂಬಹುದು. ಅಂದರೆ ಎಳೆಯುವ ದಿನ ನಾಯಿ ಪಕ್ಕದ ಬಾಗಿಲಿನಿಂದಲೇ ಹತ್ತಬೇಕು. ನಾಯಿ ಮತ್ತು ಟ್ರೇಲರ್ ಎರಡೂ ಇರುವವರು ಐದು ಬಾಗಿಲಿಗಿಂತ ಕಡಿಮೆಯ ಗಾಡಿಯನ್ನು ನೋಡಲೇಬೇಡಿ. ಪಿಕಪ್ ಇಷ್ಟವಾದರೆ ಎರಡು ಸಾಲು ಸೀಟಿನದನ್ನೇ ತೆಗೆದುಕೊಳ್ಳಿ, ನಾಯಿ ಒಳಗೆ ಕೂರಲಿ. ತೆರೆದ ತೊಟ್ಟಿಯಲ್ಲಿ ನಾಯಿ ನಿಲ್ಲಿಸಿಕೊಂಡು ಹೆದ್ದಾರಿಯಲ್ಲಿ ಹೋಗುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಕಟ್ಟುವುದು ನಾಯಿಯ ಶಿಸ್ತಿಗಲ್ಲ, ನಿಮ್ಮ ಕುತ್ತಿಗೆಗೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಅರ್ಧ ಮೀಟರಿನಲ್ಲಿ ನಿಂತರೆ ಒಳಗಿನ ವಸ್ತು ತನ್ನ ತೂಕದ ಇಪ್ಪತ್ತು ಪಟ್ಟು ಬಲದಲ್ಲಿ ಮುಂದೆ ನುಗ್ಗುತ್ತದೆ; 30 ಕೆಜಿಯ ನಾಯಿ 600 ಕೆಜಿ. ಎದೆಪಟ್ಟಿಗೆ ಬೆಲ್ಟು ಕಟ್ಟಿ, ಕುತ್ತಿಗೆ ಪಟ್ಟಿಗಲ್ಲ. ಡಿಕ್ಕಿಯಲ್ಲಾದರೆ ಸೀಟಿನ ಹಿಂದೆ ಜಾಲರಿ. ನನಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದಲ್ಲಿ ಮಾಡಿಕೊಟ್ಟರು.

ನೆಲಕ್ಕೆ ರಬ್ಬರ್ ಮ್ಯಾಟು, ಅದರ ಮೇಲೆ ಗೋಣಿಚೀಲ. ದುಬಾರಿ ಹಾಸುಗಳನ್ನು ನೋಡಿದ ಮೇಲೂ ಹೇಳುತ್ತೇನೆ, ಗೋಣಿಚೀಲಕ್ಕೆ ಸಮ ಇಲ್ಲ: ಕೆಸರು ಹಿಡಿಯುತ್ತದೆ, ಘಾಟಿಯಲ್ಲಿ ಕಾಲು ಜಾರುವುದಿಲ್ಲ, ಕೊಡವಿದರೆ ಉಂಬಳ, ಉಣುಗು ಕಣ್ಣಿಗೆ ಬೀಳುತ್ತವೆ. ಉಣುಗನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ, ಹರಡುವುದು ಉಣುಗಿನಿಂದಲೇ. ಕಾಡಂಚಿನಲ್ಲಿ ಓಡಾಡಿದ ನಾಯಿಯ ಮೈ ಸವರಿ ನೋಡಿ, ಆಮೇಲೆ ಗಾಡಿ ಹತ್ತಿಸಿ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಒಂದಿಂಚು ಇಳಿಸಿದರೂ ಅಷ್ಟೇ. ತಿಂಡಿಗೆ ನಿಲ್ಲಿಸಿದಾಗ ಒಬ್ಬರು ನಾಯಿಯ ಜೊತೆ ಹೊರಗಿರಬೇಕು. ಇಡ್ಲಿ ಪಾಳಿಯ ಮೇಲೆ.

ಹೆಜ್ಜೆ 4: ಎಳೆಯುವ ಮುಂಚೆ ತೂಗಿ

ಮೊದಲು ಒಂದು ಪ್ರಶ್ನೆ: ವರ್ಷಕ್ಕೆ ಎಷ್ಟು ಸಲ ಎಳೆಯುತ್ತೀರಿ? ನಾಲ್ಕೈದು ಸಲವಾದರೆ ಬಾಡಿಗೆಗೆ ಒಂದು ಸಣ್ಣ ಪಿಕಪ್ ಕರೆಯಿರಿ. ಟ್ರೇಲರಿನ ಖರ್ಚು, ಅದರ ಕಾಗದಪತ್ರ, ನಿಲ್ಲಿಸುವ ಜಾಗ, ಎಲ್ಲ ತಾಪತ್ರಯ ತಪ್ಪುತ್ತದೆ.

ಎಳೆಯಲೇಬೇಕು ಅಂದರೆ ಲೆಕ್ಕ ಹೀಗೆ. ನೀರಿನ ಡ್ರಮ್ಮು 200 ಲೀಟರು, ಅಂದರೆ 200 ಕೆಜಿ. ಮೂರು ಡ್ರಮ್ಮಿಗೆ 600. ಖಾಲಿ ಟ್ರೇಲರ್ 300. ಒಟ್ಟು 900 ಕೆಜಿ. ಯುರೋಪಿನಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೇಲರಿಗೆ 750 ಕೆಜಿ ಮೇಲ್ಮಿತಿ. ಅದೂ ಗಾಡಿ ಅಷ್ಟು ಭಾರ ತಾಳುವುದಾದರೆ. ಬ್ರಿಟನ್ನಿನಲ್ಲಿ ಮೂರು ಬಾಗಿಲಿನ ಜಿಮ್ನಿಗೆ ಬ್ರೇಕ್ ಇರುವ ಟ್ರೇಲರಾದರೆ 1300 ಕೆಜಿ, ಬ್ರೇಕ್ ಇಲ್ಲದಿದ್ದರೆ ಬರೀ 350 ಎಂದು ಕಂಪನಿಯೇ ಬರೆದಿದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನೇ ನೋಡಿ: ಎಳೆಯುವುದು ಇಂಜಿನ್ನಿಗೆ ದೊಡ್ಡದಲ್ಲ, ನಿಲ್ಲಿಸುವುದು ದೊಡ್ಡದು. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ ಹಿಂದಿನ ಭಾರ ತಳ್ಳುತ್ತದಲ್ಲ, ಅದನ್ನು ತಡೆಯಬೇಕಾದ್ದು ನಿಮ್ಮ ಗಾಡಿಯ ನಾಲ್ಕು ಬ್ರೇಕು. ನಾನು ಡ್ರಮ್ಮು ಎರಡಕ್ಕೆ ಇಳಿಸಿದೆ, ಅದನ್ನೂ ಖಾಲಿ ಒಯ್ದು ತೋಟದ ಬಾವಿಯ ಹತ್ತಿರವೇ ತುಂಬುತ್ತೇನೆ. ತುಂಬಿದರೆ ಪೂರ್ತಿ ತುಂಬಿ. ಅರ್ಧ ತುಂಬಿದ ಡ್ರಮ್ಮು ತುಳುಕಿ ಟ್ರೇಲರನ್ನೇ ಅಲ್ಲಾಡಿಸುತ್ತದೆ.

ನೀವು ನೋಡುತ್ತಿರುವ ಮಾದರಿಯ ಓನರ್ಸ್ ಮ್ಯಾನುಯಲ್‌ನಲ್ಲಿ ಎಳೆಯುವ ಮಿತಿ ಬರೆದಿದೆಯೇ ಎಂದು ಪುಟ ತೆಗೆಸಿ ಓದಿ. ಸೇಲ್ಸ್‌ನವರ ಬಾಯಿಮಾತು ಬೇಡ. ವಿದೇಶದ ಅಂಕಿ ನೋಡಿ ಇಲ್ಲಿಯೂ ಅಷ್ಟೇ ಎಂದುಕೊಳ್ಳಬೇಡಿ, ಅಲ್ಲಿನ ಕೊಂಡಿ, ಕೂಲಿಂಗ್ ಬೇರೆ ಇರಬಹುದು.

ಈಗ ತೂಕದ ಮಷಿನ್ನು. ಟ್ರೇಲರಿನ ಮೂಗು ಗಾಡಿಯ ಕೊಂಡಿಯ ಬಾಲ್ (ಗುಂಡು) ಮೇಲೆ ಒತ್ತುವ ಭಾರ, ಒಟ್ಟು ಭಾರದ ಶೇ. 10ರ ಹತ್ತಿರ ಇರಬೇಕು. ಕಡಿಮೆಯಾದರೆ ಟ್ರೇಲರ್ ನಾಗರಹಾವಿನ ಹಾಗೆ ಹೆಡೆಯಾಡುತ್ತದೆ, ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರಾಗುತ್ತದೆ. ಸಮತಟ್ಟಾದ ಜಾಗದಲ್ಲಿ ತುಂಬಿದ ಟ್ರೇಲರಿನ ಮೂಗಿನ ಕೆಳಗೆ ಮಷಿನ್ನಿಟ್ಟು, ನಡುವೆ ಬಾಲ್ ಎತ್ತರಕ್ಕೆ ಸರಿಯಾಗುವ ಮರದ ತುಂಡು ಕೊಟ್ಟು ಇಳಿಸಿ. ನನ್ನದು ಮೊದಲು 31 ಕೆಜಿ ತೋರಿಸಿತು. ಪಂಪನ್ನು ಆಕ್ಸಲ್‌ನ ಮುಂದಕ್ಕೆ ಸರಿಸಿದ ಮೇಲೆ 68. ಆ 68 ಕೆಜಿ ಗಾಡಿಯ ಒಟ್ಟು ಭಾರದ ಲೆಕ್ಕದಲ್ಲಿ ಬರುತ್ತದೆ, ಮೇಲೊಬ್ಬ ಪ್ರಯಾಣಿಕ ಕೂತ ಹಾಗೆ. ಬಾಲ್ ಇರುವುದು ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರು ಹಿಂದೆ, ಮುಂದಿನ ಹಿಂದಿನ ಗಾಲಿಗಳ ನಡುವೆ 2.75 ಮೀಟರ್ ವೀಲ್‌ಬೇಸ್ ಇರುವ ಗಾಡಿಯಲ್ಲಿ ಇದು ಮುಂದಿನ ಗಾಲಿಗಳಿಂದ ಇನ್ನೂ 25 ಕೆಜಿ ಎತ್ತಿ ಹಿಂದಕ್ಕೆ ಹಾಕುತ್ತದೆ. ಜಾರುವ ಏರಿನಲ್ಲಿ ಸ್ಟಿಯರಿಂಗ್ ಯಾಕೆ ಮಾತು ಕೇಳುವುದಿಲ್ಲ ಎಂಬುದಕ್ಕೆ ಉತ್ತರ ಅಲ್ಲಿದೆ.

ಕೊಂಡಿ ಛಾಸಿಗೆ ಬೋಲ್ಟ್ ಆಗಿರಬೇಕು, ಬಂಪರಿಗಲ್ಲ. ಜೊತೆಗೆ ಎರಡು ಸರಪಳಿ ಅಡ್ಡಡ್ಡ, ಟ್ರೇಲರಿನ ಬ್ರೇಕ್ ಲೈಟು ಇಂಡಿಕೇಟರಿಗೆ ಸಾಕೆಟ್ಟು. ಮತ್ತೆ ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ಹೂತ ಗಾಡಿಯನ್ನು ಎಳೆಯಲು ಟ್ರೇಲರಿನ ಬಾಲ್‌ಗೆ ಹಗ್ಗ ಹಾಕಬೇಡಿ. ಜಗ್ಗಿದ ಹೊಡೆತಕ್ಕೆ ಬಾಲ್ ಮುರಿದರೆ ಅದು ಗುಂಡಿನ ಹಾಗೆ ಹಾರುತ್ತದೆ, ಜನ ಸತ್ತಿದ್ದಾರೆ. ಅದಕ್ಕೆಂದೇ ಇರುವ ಕೊಕ್ಕೆಗಳು ಬೇರೆ.

ಕಾನೂನಿನ ಮಾತು ಚುಟುಕಾಗಿ: 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಒಂದು ವಾಹನ, ಅದಕ್ಕೆ ಅದರದೇ ನೋಂದಣಿ ಬೇಕು. ಮಾಡಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ಕೊಂಡಿ ಹಾಕಿಸಿದ್ದನ್ನು ಬರೆದು ತಿಳಿಸಿ. ಅದೇ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಮುಂದೆ ಹಾಕಿಸುವ ಬುಲ್ ಬಾರ್ ವಿರುದ್ಧ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಆ ದುಡ್ಡು ಟೈರಿಗೆ ಹಾಕಿ.

ಹೆಜ್ಜೆ 5: ಈಗ ಹೆಸರುಗಳು

ಇಬ್ಬರೇ, ಒಂದು ಚುರುಕು ನಾಯಿ, ಟ್ರೇಲರ್ ಇಲ್ಲ, ದಾರಿ ಇಕ್ಕಟ್ಟು: ಜಿಮ್ನಿ. ಸುಮಾರು 1200 ಕೆಜಿಯ ಗಾಡಿ ಕೆಸರಿನಲ್ಲಿ ಕಡಿಮೆ ಹೂಳುತ್ತದೆ, ಹೂತರೂ ನಾಲ್ಕು ಜನ ನೂಕಬಹುದು. 134 ಎನ್‌ಎಂ ಟಾರ್ಕ್‌ನ ಪೆಟ್ರೋಲ್ ಇಂಜಿನ್ನಿಗೆ ಭಾರ ಕಟ್ಟಬೇಡಿ. ದಾರಿ ನಿಜಕ್ಕೂ ಕೆಟ್ಟದ್ದಾಗಿದ್ದರೆ ಐದು ಬಾಗಿಲಿನ ಗೂರ್ಖಾ. ಹೆದ್ದಾರಿಯಲ್ಲಿ ಅವಸರ ಇಲ್ಲದವರಿಗೆ. ಟ್ರೇಲರ್, ಎರಡು ನಾಯಿ, ಮಕ್ಕಳು ಎಲ್ಲ ಇದ್ದರೆ ಡೀಸೆಲ್ 4×4 ರಾಕ್ಸ್ ಅಥವಾ ಸ್ಕಾರ್ಪಿಯೋ-ಎನ್. ರಾಕ್ಸ್‌ನ ವೀಲ್‌ಬೇಸ್ 2850 ಮಿ.ಮೀ., ಮೂರು ಬಾಗಿಲಿನ ಥಾರ್‌ನದು 2450. ಆ 40 ಸೆಂಟಿಮೀಟರು ಹೆದ್ದಾರಿಯಲ್ಲಿ ಸುಖ, ತೋಟದ ತಿರುವಿನಲ್ಲಿ ಒಂದು ಸಲ ರಿವರ್ಸು. ಇಸುಝು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎಳೆಯುವುದಕ್ಕೇ ಹುಟ್ಟಿದವು, ಆದರೆ ಐದು ಮೀಟರಿಗೂ ಮಿಕ್ಕ ಉದ್ದ. ಮೊದಲು ನಿಮ್ಮ ಬೆಂಗಳೂರಿನ ಪಾರ್ಕಿಂಗ್ ಅಳೆಯಿರಿ. ನಾನು ಕೊನೆಗೆ ಕೊಂಡದ್ದು ಎರಡು ವರ್ಷ ಓಡಿದ ಸ್ಕಾರ್ಪಿಯೋ-ಎನ್ 4×4.

ಡೀಸೆಲ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಆ ಮಸಿ ಸುಡಲು ಇಂಜಿನ್ ಬಿಸಿಯಾಗಿ ಒಂದೇ ಸಮನೆ ಓಡಬೇಕು. ವಾರವೆಲ್ಲ ಎರಡೆರಡು ಕಿಲೋಮೀಟರು ತರಕಾರಿಗೆ ಓಡಿಸಿದರೆ ಅದು ಕಟ್ಟಿಕೊಳ್ಳುತ್ತದೆ. ವಾರಾಂತ್ಯದ ಹೆದ್ದಾರಿ ಓಟ ಅದಕ್ಕೆ ಒಳ್ಳೆಯ ಔಷಧಿ.

ಹೆಜ್ಜೆ 6: ಹಳೆಯದಾದರೆ ಕೆಳಗೆ ಮಲಗಿ ನೋಡಿ

ಕರಾವಳಿಯಲ್ಲಿ ಓಡಿದ ಗಾಡಿಯ ಛಾಸಿಗೆ ತುಕ್ಕು ಸಹಜ. ಸ್ಕ್ರೂಡ್ರೈವರ್ ತುದಿಯಿಂದ ತಟ್ಟಿ ನೋಡಿ, ಟಣ್ ಅನ್ನಬೇಕು. ಡಿಫರೆನ್ಷಿಯಲ್‌ನ ಎಣ್ಣೆ ಸ್ವಲ್ಪ ಇಳಿಸಲು ಹೇಳಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ಒಳಗೆ ನೀರು ಹೋಗಿದೆ, ಬಿಟ್ಟು ಬನ್ನಿ. ಮಣ್ಣಿನ ಜಾಗಕ್ಕೆ ಒಯ್ದು 4ಎಚ್ (ಸಾಮಾನ್ಯ ಗೇರಿನ ಫೋರ್‌ವೀಲ್), 4ಎಲ್ ಎರಡನ್ನೂ ಹಾಕಿಸಿ; ದೀಪ ಹತ್ತಿದರೆ ಸಾಲದು, ಮುಂದಿನ ಗಾಲಿ ನಿಜವಾಗಿ ಎಳೆಯುತ್ತಿದೆಯೇ ಎಂದು ಹೊರಗೆ ನಿಂತು ನೋಡಬೇಕು. ಹಿಂದೆ ಕೊಂಡಿ ಬಿಚ್ಚಿದ ತೂತುಗಳಿದ್ದರೆ ಏನು ಎಳೆಯುತ್ತಿದ್ದರು ಎಂದು ಕೇಳಿ, ಕ್ಲಚ್ಚು ಪರೀಕ್ಷಿಸಿ.

ಹೆಜ್ಜೆ 7: ದುಡ್ಡಿನ ನಿಜವಾದ ಮೊತ್ತ

ಹೊಸದಕ್ಕೆ ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಭಾರವಾದವುಗಳಲ್ಲಿ ಒಂದು. 10ರಿಂದ 20 ಲಕ್ಷದ ಗಾಡಿಗೆ ಶೇ. 17, ಅದರ ಮೇಲೆ ತೆರಿಗೆಯ ಶೇ. 11 ಸೆಸ್. 15 ಲಕ್ಷದ ಗಾಡಿಗೆ ಇದೊಂದೇ 2.83 ಲಕ್ಷ ದಾಟುತ್ತದೆ. ಆಮೇಲೆ ಎಟಿ (ಆಲ್ ಟೆರೇನ್, ಡಾಂಬರು ಮಣ್ಣು ಎರಡಕ್ಕೂ ಆಗುವ) ಟೈರುಗಳಿಗೆ ದುಡ್ಡು ಎತ್ತಿಟ್ಟುಕೊಳ್ಳಿ. ಶೋರೂಮಿನಿಂದ ರಸ್ತೆ ಟೈರಿನಲ್ಲಿ ಬಂದ 4×4 ಜೇಡಿಯಲ್ಲಿ ನಾಲ್ಕೂ ಗಾಲಿ ಒಟ್ಟಿಗೆ ಜಾರುತ್ತದೆ, ಅಷ್ಟೇ ವ್ಯತ್ಯಾಸ. ಪೂರ್ತಿ ಎಂಟಿ (ಮಡ್ ಟೆರೇನ್, ಕೆಸರಿನ) ಟೈರು ಬೇಡ. ಒದ್ದೆ ಡಾಂಬರಿನಲ್ಲಿ ಬ್ರೇಕು ಹಿಡಿಯುವುದಿಲ್ಲ, ಸದ್ದಿಗೆ ನಾಯಿಯೂ ಮಲಗುವುದಿಲ್ಲ. ಸಣ್ಣ ಕಂಪ್ರೆಸರ್ ಒಂದು ಕೊಳ್ಳಿ: ಕೆಸರಿಗಿಳಿಯುವ ಮುಂಚೆ ಗಾಳಿ 20 ಪಿಎಸ್‌ಐಗೆ ಇಳಿಸಿ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿ. ಟ್ರೇಲರ್ ಕಟ್ಟಿದಾಗ ಹಿಂದಿನ ಟೈರಿಗೆ ಗಾಳಿ ಇಳಿಸಬೇಡಿ.

ಹೆಜ್ಜೆ 8: ಮೊದಲ ತಿಂಗಳು

ಖಾಲಿ ಗದ್ದೆಯಲ್ಲಿ ಟ್ರೇಲರ್ ರಿವರ್ಸ್ ಕಲಿಯಿರಿ. ಸ್ಟಿಯರಿಂಗ್‌ನ ಕೆಳಭಾಗ ಹಿಡಿದರೆ ಕೈ ಯಾವ ಕಡೆ ಸರಿಯುತ್ತದೋ ಟ್ರೇಲರ್ ಆ ಕಡೆ ಹೋಗುತ್ತದೆ. ಗಿಡ್ಡ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ, ಒಂದೊಂದು ಅಂಗುಲವೇ ತಿರುಗಿಸಿ. ಹೆದ್ದಾರಿಯಲ್ಲಿ ಅದು ಹೆಡೆಯಾಡಿದರೆ ಬ್ರೇಕು ಒತ್ತಬೇಡಿ, ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಿ. ಕಾಡಿನೊಳಗೆ ನುಗ್ಗುವ ಆಸೆ ಬಿಟ್ಟುಬಿಡಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಗಾಡಿ ಓಡಿಸುವುದು ಅಪರಾಧ. ಕೊಡಚಾದ್ರಿಗೂ ಊರಿನ ಜೀಪೇ ಒಳ್ಳೆಯದು, ಆ ದಾರಿಯ ಪ್ರತಿ ಕಲ್ಲೂ ಅವರಿಗೆ ಪರಿಚಯ.

ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್‌ವೀಲ್ ಹಾಕಿ ಒಂದೆರಡು ಕಿಲೋಮೀಟರು ಓಡಿಸಿ, ಒಳಗಿನ ಎಣ್ಣೆ ಆಡಲಿ, ಲಿವರ್ ಕಚ್ಚಿಕೊಳ್ಳದಿರಲಿ. ನಮ್ಮಲ್ಲಿ ಅದಕ್ಕೆ ತಿಂಗಳ ಮೊದಲ ಭಾನುವಾರ ಗೊತ್ತಾಗಿದೆ. ನಾಯಿಗಳಿಗೆ ಉಣುಗಿನ ಔಷಧಿ ಹಾಕುವ ದಿನವೂ ಅದೇ, ಹಾಗಾಗಿ ಅವತ್ತು ಕರಿಯ ಹಲಗೆ ಹತ್ತಲು ಒಪ್ಪುವುದಿಲ್ಲ.